ಬಸಿದ ನೀರು

ಗೌರಿ ಆಲೂಗಡ್ಡೆ ಬೇಯಿಸಿದ ನೀರನ್ನು ಚೆಲ್ಲುತ್ತಿದ್ದಳು. ಬೋಸಿಯ ಬಾಯಿಗೆ ತಟ್ಟೆ ಅಡ್ಡ ಕೊಟ್ಟು, ಮಸಿಬಟ್ಟೆಯಲ್ಲಿ ಅಂಚು ಹಿಡಿದು ಬಗ್ಗಿಸಿ, ಸದ್ದಾಗದ ಹಾಗೆ ಸಣ್ಣ ಧಾರೆಯಾಗಿ ಸಿಂಕಿಗೆ ಬಿಟ್ಟಳು. ಹಬೆ ಮುಖಕ್ಕೆ ಹೊಡೆದರೂ ತಿರುಗಿಸಲಿಲ್ಲ. ಕೊನೆಯ ಹನಿ ಇಳಿದ ಮೇಲೆ ತಣ್ಣೀರು ಹಾಕಿ, ಬಿಲ್ಲೆಗಳನ್ನು ಬೆರಳಲ್ಲಿ ಮೆಲ್ಲಗೆ ಆಡಿಸಿ, ಆ ನೀರನ್ನೂ ಚೆಲ್ಲಿದಳು. ಆಮೇಲೆ ನಲ್ಲಿ ಬಿಟ್ಟು ಸಿಂಕನ್ನೇ ತೊಳೆದಳು. ಅಲ್ಲಿ ತೊಳೆಯುವಂಥದ್ದೇನೂ ಇರಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ಅವಳ ಅತ್ತೆ ವಸಂತಮ್ಮ ನಿಂತಿದ್ದರು. ಗೌರಿ ಹಳೇ ಪಂಚೆಯ ತುಂಡಿನ ಮೇಲೆ ಬಿಲ್ಲೆಗಳನ್ನು ಒಂದೊಂದಾಗಿ ಹರಡಿ, ಮೇಲೆ ಇನ್ನೊಂದು ಮಡಿಕೆ ಹಾಕಿ, ಮಗುವಿನ ಮೈ ಒರೆಸುವ ಹಾಗೆ ಒತ್ತಿ ಒತ್ತಿ ಪಸೆ ತೆಗೆಯುವವರೆಗೂ ನೋಡುತ್ತಲೇ ಇದ್ದರು.

"ಹುರಿಯೋದು ಇದ್ರೆ ಎಲ್ಲ ಇವತ್ತೇ ಮುಗಿಸ್ಕೋ," ಎಂದರು ಕೊನೆಗೆ. "ನಾಳೆ ನಾಗರ ಪಂಚಮಿ. ಕಾವಲಿ ಇಡೋ ಹಾಗಿಲ್ಲ, ಚಾಕು ಮುಟ್ಟೋ ಹಾಗಿಲ್ಲ."

"ಹೂಂ ಅತ್ತೆ."

"ಮತ್ತೆ ಆ ಡಬ್ಬಿ. ಇವತ್ತು ಭದ್ರಾವತಿಗೆ ಹೋಗಿ ಕೊಟ್ಟು ಬಾ. ಐದು ವಾರದಿಂದ ನನ್ನ ಕಣ್ಣಿಗೆ ಚುಚ್ತಾ ಇದೆ. ನಾಳೆ ಅವಳು ಡಬ್ಬಿ ನೆಪ ಮಾಡ್ಕೊಂಡು ಬಂದು ಬಾಗಿಲಲ್ಲಿ ನಿಂತ್ರೆ, ಹಬ್ಬದ ದಿನ ನಾನು ಬಾಯಿ ಜೋರು ಮಾಡೋ ಹಾಗಾಗುತ್ತೆ."

ಗೌರಿ ಮೇಲಿನ ಶೆಲ್ಫ್ ನೋಡಿದಳು. ಸ್ಟೀಲಿನ ದುಂಡು ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಮಾವನ ತಂಗಿಯ ಹೆಸರು ಕೆತ್ತಿತ್ತು: ಹೊನ್ನಮ್ಮ, ಭದ್ರಾವತಿ.

"ಖಾಲಿನಾ ಅತ್ತೆ?"

"ಖಾಲಿನೇ. ಅವಳು ತುಂಬ್ಕೊಂಡು ಬಂದಿದ್ದೇ ಸಾಕಾಗಿದೆ ನಮಗೆ."

ಆ ಮನೆಯಲ್ಲಿ ಯಾರ ಪಾತ್ರೆಯನ್ನೂ ಖಾಲಿ ತಿರುಗಿಸುವ ಪದ್ಧತಿ ಇರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಅಕ್ಕಿ, ಅದೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ. ಹಾಲಿನವನ ಕ್ಯಾನಿಗೂ ವಸಂತಮ್ಮ ಒಂದು ಎಳೆ ಹೂವು ಸಿಕ್ಕಿಸಿ ಕಳಿಸುತ್ತಿದ್ದರು. ಒಡಹುಟ್ಟಿದವಳ ಡಬ್ಬಿ ಅಣ್ಣನ ಮನೆಯಿಂದ ಖಾಲಿ ಹೋಯಿತು ಅಂದರೆ ಇನ್ನು ಈ ಕಡೆ ಬರಬೇಡ ಅಂತಲೇ ಅರ್ಥ. ಅದನ್ನು ಬಾಯಲ್ಲಿ ಹೇಳಬೇಕಾಗಿರಲಿಲ್ಲ.

ಆದರೆ ಅದು ಯಾರ ತಪ್ಪಿಗೆ ಯಾರಿಗೆ ಬಿದ್ದ ಬರೆ ಅನ್ನುವುದು ಆ ಮನೆಯಲ್ಲಿ ಒಬ್ಬಳಿಗೇ ಗೊತ್ತಿತ್ತು. ಅವಳು ಆಗ ಕಾವಲಿ ಒಲೆ ಮೇಲಿಟ್ಟು ಎಣ್ಣೆ ಸವರುತ್ತಿದ್ದಳು.

*

ಗೌರಿಯ ಮಾವ ಪುಟ್ಟಯ್ಯನವರು ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಕಾಗದನಗರದ ಕ್ವಾರ್ಟರ್ಸಿನಲ್ಲಿ ಮಗ ನಿಶಾಂತನನ್ನು ಬೆಳೆಸಿ, ಕಾರ್ಖಾನೆ ನಿಂತ ಮೇಲೆ ಶಿವಮೊಗ್ಗದ ಗೋಪಾಳದಲ್ಲಿ ಈ ಸಣ್ಣ ಮನೆಗೆ ಬಂದಿದ್ದರು. ವರ್ಷದ ಹಿಂದೆ ಅವರ ಎರಡೂ ಕಿಡ್ನಿ ಕೈಕೊಟ್ಟವು. "ಹೊರಗೆ ನಾನು ವಿ.ಆರ್.ಎಸ್. ತಗೊಂಡೆ, ಅದನ್ನ ನೋಡಿ ಒಳಗೆ ಇವೂ ತಗೊಂಡ್ವು," ಎಂದು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು. ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಮಗ ಟೈರ್ ಅಂಗಡಿಯ ಕೆಲಸಕ್ಕೆ ಹೋದರೆ ಆಸ್ಪತ್ರೆಗೆ ಜೊತೆ ಹೋಗುವವಳು ಸೊಸೆ.

ಗೌರಿ ಹೊಳೆಹೊನ್ನೂರು ಕಡೆಯವಳು. ಪೂರ್ತಿ ಹೆಸರು ಶ್ರೀಗೌರಿ. ಒಂಬತ್ತನೇ ಕ್ಲಾಸಿನ ಅರ್ಧದಲ್ಲಿ ಶಾಲೆ ಬಿಟ್ಟು ಅಡುಗೆಮನೆ ಹಿಡಿದವಳು. ನಾಲ್ಕು ಜನ ಕೂತಲ್ಲಿ ಅವಳ ಮಾತು ಗಂಟಲಲ್ಲೇ ಉಳಿಯುತ್ತಿತ್ತು. ಬದಲಿಗೆ ನೋಡುತ್ತಿದ್ದಳು. ಮಾವನ ಪಾದ ಬೆಳಿಗ್ಗೆ ಎಷ್ಟು ಊದಿದೆ, ಅತ್ತೆ ಮಾತ್ರೆ ತಗೊಂಡರೋ ಇಲ್ಲವೋ, ಗಂಡ ಬಾಗಿಲು ಹಾಕುವ ಸದ್ದಿನಲ್ಲಿ ಅಂಗಡಿಯ ಬೈಗುಳ ಎಷ್ಟಿದೆ, ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು.

ಡಯಾಲಿಸಿಸ್ ವಾರ್ಡಿನ ನರ್ಸ್ ವಾಣಿ ಒಂದು ಕಾಗದ ಕೊಟ್ಟಿದ್ದಳು. ಬಾಳೆಹಣ್ಣು ಬೇಡ, ಎಳನೀರು ಬೇಡ, ಟೊಮೆಟೊ ಬೇಡ, ಸೊಪ್ಪು ಬೇಡ. ಅವುಗಳಲ್ಲಿರುವ ಪೊಟ್ಯಾಸಿಯಂ ಮೈಯಲ್ಲಿ ನಿಂತರೆ ಎದೆಯ ಬಡಿತವೇ ನಿಲ್ಲಬಹುದು. ಇಪ್ಪತ್ತು ಬೇಡಗಳ ನಡುವೆ ಒಂದೇ ಒಂದು ಸಾಲು ಬೇರೆ ಥರ ಇತ್ತು. ಗೌರಿ ಅದನ್ನು ಬೆರಳಿಟ್ಟು ಓದಿದ್ದಳು: ಆಲೂಗಡ್ಡೆ, ವಾರಕ್ಕೆ ಎರಡು ಸಲ; ಸಿಪ್ಪೆ ತೆಗೆದು, ತೆಳ್ಳಗೆ ಹೆಚ್ಚಿ, ನೆನೆಸಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ನಂತರ ಉಪಯೋಗಿಸುವುದು.

"ನೋಡ್ದಾ! ಉಳಿದದ್ದಕ್ಕೆಲ್ಲ ಗೇಟು ಹಾಕಿದಾರೆ, ಆಲೂಗಡ್ಡೆಗೆ ಮಾತ್ರ ಹಿಂದಿನ ಬಾಗಿಲು ಬಿಟ್ಟಿದಾರೆ," ಎಂದು ಪುಟ್ಟಯ್ಯ ಮಕ್ಕಳ ಹಾಗೆ ಖುಷಿಪಟ್ಟರು. ತಾವೇ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು ಸೊಸೆಗೆ ಹುರಿಯುವುದನ್ನು ಹೇಳಿಕೊಟ್ಟರು. ಕಾವಲಿ ಅವರದ್ದೇ. ಕಾರ್ಖಾನೆಯ ಫಿಟ್ಟರ್ ನಾಗಯ್ಯ ಅನ್ನುವ ಗೆಳೆಯ ದಪ್ಪ ಕಬ್ಬಿಣದಲ್ಲಿ ಮಾಡಿಕೊಟ್ಟದ್ದು. ಎತ್ತಲು ಎರಡು ಕೈ ಬೇಕು. ಎಣ್ಣೆ ಕಾದು ಸಣ್ಣಗೆ ಹೊಗೆಯಾಡುವಾಗ ಬಿಲ್ಲೆಗಳನ್ನು ಒಂದಕ್ಕೊಂದು ತಾಗದ ಹಾಗೆ ಇಡಬೇಕು. ಆಮೇಲೆ ಉರಿ ತಗ್ಗಿಸಿ ಸುಮ್ಮನಿರಬೇಕು.

ಹೊಸತರಲ್ಲಿ ಗೌರಿಗೆ ಸುಮ್ಮನಿರಲು ಬರುತ್ತಿರಲಿಲ್ಲ. ಮೊಗುಚುವ ಕೈಯಲ್ಲಿ ಅಂಚು ಎಬ್ಬಿಸಿ ನೋಡುತ್ತಿದ್ದಳು. ಬಿಲ್ಲೆ ಅರ್ಧ ಕಾವಲಿಗೆ, ಅರ್ಧ ಕೈಗೆ ಬರುತ್ತಿತ್ತು.

"ಮುಟ್ಟಬೇಡ ಮಾರಾಯ್ತಿ! ಎಬ್ಬಿಸಿದ್ರೆ ಹರಿಯುತ್ತೆ. ಅಡಿ ಕೆಂಪಾದ ಮೇಲೆ ತಾನಾಗೇ ಕಾವಲಿ ಬಿಡುತ್ತೆ ನೋಡು."

ಹಾಗೇ ಆಗುತ್ತಿತ್ತು. ಒಂದು ಗಳಿಗೆಗೆ ಅಂಟಿಕೊಂಡಿದ್ದು ಇನ್ನೊಂದು ಗಳಿಗೆಗೆ ತಾನಾಗಿ ಜಾರುತ್ತಿತ್ತು. ಎರಡೂ ಮೈ ಹೊಂಬಣ್ಣ, ಅಂಚು ಕಂದು, ಒಳಗೆ ಬೆಣ್ಣೆ. ಮೇಲೆ ಕುಟ್ಟಿದ ಮೆಣಸು, ಚಿಟಿಕೆ ಉಪ್ಪು. ಪುಟ್ಟಯ್ಯ ಕಚ್ಚಿದರೆ ಹಾಲ್‌ನಿಂದ ಅಡುಗೆಮನೆಗೆ ಕೇಳಿಸುತ್ತಿತ್ತು.

ಆಲೂಗಡ್ಡೆ ಸರಿಯಾಯಿತು. ಸರಿಯಾಗದೆ ಉಳಿದದ್ದು ಸಾರು. ಟೊಮೆಟೊ ಇಲ್ಲ, ಸೊಪ್ಪಿಲ್ಲ, ಬೇಳೆ ಎಣಿಸಿದಷ್ಟು. ಪುಟ್ಟಯ್ಯ ಆ ಸಾರಿಗೆ ಆಸ್ಪತ್ರೆ ತೀರ್ಥ ಅಂತ ಹೆಸರಿಟ್ಟಿದ್ದರು. ಊಟದ ಹೊತ್ತಿಗೆ ಅನ್ನಕ್ಕೆ ಒಂದು ಸೌಟು ಹಾಕಿಸಿಕೊಂಡು, ಕಣ್ಣು ಮುಚ್ಚಿ, ಮಾತ್ರೆ ನುಂಗುವ ಹಾಗೆ ನುಂಗುತ್ತಿದ್ದರು.

ಒಂದು ದಿನ ಗೌರಿ ಆಲೂಗಡ್ಡೆ ಬೇಯಿಸಿ ಬೋಸಿಯನ್ನು ಸಿಂಕಿನ ತನಕ ಒಯ್ದಳು. ಬಗ್ಗಿಸಿದಳು. ಕೈ ನಿಂತಿತು.

ಅವಳ ತವರಲ್ಲಿ ಕಾಳು, ಸೊಪ್ಪು ಬೇಯಿಸಿ ಬಸಿದ ನೀರನ್ನು ಯಾರೂ ಚೆಲ್ಲಿದವರಲ್ಲ. ಅದಕ್ಕೆ ಖಾರ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ನೀರು ಚೆಲ್ಲುವ ಹೆಂಗಸನ್ನು ಊರು ಮನೆ ಮುರುಕಿ ಅನ್ನುತ್ತಿತ್ತು. ಏಳು ವರ್ಷದವಳಿದ್ದಾಗ ಗೌರಿ ಒಮ್ಮೆ ಅಲಸಂದೆಯ ನೀರನ್ನು ಹಿತ್ತಿಲಿಗೆ ಚೆಲ್ಲಿ, ಅಮ್ಮನ ಕೈಯಲ್ಲಿ ಏಟು ತಿಂದಿದ್ದಳು. "ಆ ನೀರಲ್ಲೇ ಎಲ್ಲ ಇರೋದು ಕಣೇ," ಎಂದಿದ್ದಳು ಅಮ್ಮ.

ಕಾಗದದಲ್ಲಿ ಚೆಲ್ಲಿ ಅಂತ ಬರೆದದ್ದು ಗೌರಿಗೆ ಚೆನ್ನಾಗಿ ನೆನಪಿತ್ತು. ಆಸ್ಪತ್ರೆಯವರಿಗೇನು, ಚೆಲ್ಲು ಅನ್ನುತ್ತಾರೆ, ಮನೆ ನಡೆಸುವವರಿಗೆ ತಾನೇ ಗೊತ್ತು ಅಂದುಕೊಂಡಳು. ಮಾವನಿಗೆ ಆಗದ್ದು ಏನಿದ್ದರೂ ಆಲೂಗಡ್ಡೆಯಲ್ಲಿ. ನೀರು ಬರೀ ನೀರಲ್ಲವೇ? ಬೋಸಿಯನ್ನು ವಾಪಸ್ ಕಟ್ಟೆ ಮೇಲಿಟ್ಟಳು. ಮೆಣಸು, ಜೀರಿಗೆ, ಬೆಳ್ಳುಳ್ಳಿ ಅರೆದು ಹಾಕಿ ಕುದಿಸಿ, ಇಂಗಿನ ಒಗ್ಗರಣೆ ಕೊಟ್ಟಳು.

ಪುಟ್ಟಯ್ಯ ಮೊದಲ ತುತ್ತಿಗೇ ಕಣ್ಣು ಬಿಟ್ಟರು.

"ವಸಂತಾ, ಇವತ್ತು ಯಾರು ಮಾಡಿದ್ದು ಸಾರು?"

"ದಿನಾ ಯಾರು ಮಾಡ್ತಾರೆ? ನಿಮ್ಮ ಸೊಸೆ."

"ಇವತ್ತು ಸಾರು ಸಾರಿನ ಹಾಗಿದೆ ಕಣೇ! ಏ ಗೌರಿ, ಇನ್ನೊಂದು ಸೌಟು ಹಾಕು. ವಾಣಿ ಸಿಸ್ಟರ್‌ಗೆ ಹೇಳಬೇಡ."

ವಸಂತಮ್ಮನೂ ಬೆರಳಲ್ಲಿ ಅದ್ದಿ ನೋಡಿದರು. "ಹೌದಲ್ವೇ. ಏನು ಹಾಕ್ದೆ?"

"ಏನಿಲ್ಲ ಅತ್ತೆ," ಎಂದಳು ಗೌರಿ. ಮದುವೆಯಾಗಿ ಎರಡು ವರ್ಷದಲ್ಲಿ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಅವಳ ಕಡೆ ತಿರುಗಿ ನೋಡಿದ್ದು ಅದೇ ಮೊದಲು. ಅವಳ ಕಿವಿ ಬಿಸಿಯಾಯಿತು. ಆ ಗುಟ್ಟು ತನ್ನದೇ ಆಗಿರಲಿ ಅನ್ನಿಸಿತು.

ಆಮೇಲೆ ವಾರಕ್ಕೆ ಎರಡು ಸಲ ಇದ್ದ ಆಲೂಗಡ್ಡೆ ಮೂರಾಯಿತು, ನಾಲ್ಕಾಯಿತು. ಸಾರು ಕೇಳುತ್ತಾರೆಂದು ಆಲೂಗಡ್ಡೆ ಬೇಯಿಸಿದಳೋ, ಆಲೂಗಡ್ಡೆ ಕೇಳುತ್ತಾರೆಂದು ಸಾರು ಮಾಡಿದಳೋ, ಅವಳಿಗೇ ತಿಳಿಯಲಿಲ್ಲ. ಹೀಗೆ ಮೂರು ವಾರ.

ನಾಲ್ಕನೇ ವಾರದ ಸೋಮವಾರ ಬೆಳಿಗ್ಗೆ ಪುಟ್ಟಯ್ಯನವರಿಗೆ ಹಾಸಿಗೆಯಿಂದ ಕಾಲು ಎತ್ತಲು ಆಗಲಿಲ್ಲ. "ನಿಶಾಂತ, ಈ ಕಾಲು ನಂದಲ್ಲ ಕಣೋ," ಎಂದರು. ಆಗಲೂ ತಮಾಷೆಯೇನೋ ಅಂದುಕೊಂಡರು ಎಲ್ಲರೂ. ನೋಡಿದರೆ ತುಟಿ ಬಿಳಿಚಿಕೊಂಡಿತ್ತು. ಆಟೋದಲ್ಲಿ ಒಯ್ಯುವಾಗ ಗೌರಿಯ ಭುಜಕ್ಕೆ ಒರಗಿದ್ದ ತಲೆ ಒಂದೊಂದು ಹಂಪ್‌ಗೂ ಜಾರುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಬಾಳೆಹಣ್ಣು, ಎಳನೀರು ಏನಾದ್ರೂ ಕೊಟ್ರಾ?"

ಇಲ್ಲ ಅಂದರು. ಮನೆಗೆ ಬಟ್ಟೆ ತರಲು ಬಂದ ವಸಂತಮ್ಮನಿಗೆ ಮಂಚದ ಹಿಂದೆ ಪೇಪರಿನಲ್ಲಿ ಸುತ್ತಿಟ್ಟ ಎರಡು ಸಿಪ್ಪೆ ಸಿಕ್ಕವು. ಪುಟ್ಟಬಾಳೆಯ ಸಿಪ್ಪೆ. ಹಿಂದಿನ ದಿನ ಭಾನುವಾರ ಪುಟ್ಟಯ್ಯನವರ ತಂಗಿ ಹೊನ್ನಮ್ಮ ಬಂದಿದ್ದಳು. ಡಬ್ಬಿಯಲ್ಲಿ ಮೇಲೆ ಕೋಡುಬಳೆ, ಕೆಳಗೆ ಎರಡು ಹಣ್ಣು.

ಐಸಿಯು ಹೊರಗಿನ ಬೆಂಚಿನ ಹತ್ತಿರ ವಸಂತಮ್ಮ ನಾದಿನಿಗೆ ಹೇಳಿದ ಮಾತು ಗೌರಿಯ ಕಿವಿಯಲ್ಲಿ ಈಗಲೂ ಇತ್ತು.

"ನಿನ್ನ ಪ್ರೀತಿ ನನ್ನ ತಾಳಿಗೆ ಬಂದಿತ್ತಲ್ಲೇ ಹೊನ್ನಿ! ಇನ್ನು ನಮ್ಮ ಹೊಸ್ತಿಲು ತುಳೀಬೇಡ."

ಹೊನ್ನಮ್ಮ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅದು ಬೇರೆ ಯಾರದ್ದೋ ಕೈ ಅನ್ನುವ ಹಾಗೆ.

ಮೂರು ದಿನಕ್ಕೆ ಪುಟ್ಟಯ್ಯ ಜೀವ ಉಳಿಸಿಕೊಂಡು ಮನೆಗೆ ಬಂದರು. ಮುಂದಿನ ಡಯಾಲಿಸಿಸ್ ದಿನ ಗೌರಿ ವಾಣಿಯ ಹತ್ತಿರ ಹೋಗಿ, ಸೀರೆ ಸೆರಗು ಬೆರಳಿಗೆ ಸುತ್ತುತ್ತ ಕೇಳಿದಳು, "ಸಿಸ್ಟರ್, ಎರಡು ಬಾಳೆಹಣ್ಣಿಗೆ ಇಷ್ಟೆಲ್ಲ ಆಗುತ್ತಾ?"

ವಾಣಿ ಟ್ಯೂಬು ಸರಿಮಾಡುತ್ತ ಅಂದಳು, "ಎರಡು ಪುಟ್ಟಬಾಳೆಗೆ ಇಷ್ಟೊಂದು ಏರಲ್ಲ ಬಿಡಿ. ಇನ್ನೇನೋ ದಿನಾ ಹೋಗಿರಬೇಕು ಹೊಟ್ಟೆಗೆ. ಆಲೂಗಡ್ಡೆ ಬೇಯಿಸಿದ ನೀರು ಚೆಲ್ತೀರಿ ತಾನೇ?"

"ಹೂಂ."

"ಚೆಲ್ಲಬೇಕು. ಆ ನೀರಲ್ಲೇ ಎಲ್ಲ ಇರೋದು."

ಅಮ್ಮ ಹೇಳಿದ ಮಾತೇ. ಅಕ್ಷರ ಬದಲಾಗದೆ. ಗೌರಿ ಮಾವನ ಪಕ್ಕದ ಸ್ಟೂಲಿನ ಮೇಲೆ ಹೋಗಿ ಕೂತಳು. ನಾಲ್ಕು ಗಂಟೆ ಹೊತ್ತು ಯಂತ್ರದಲ್ಲಿ ತಿರುಗುವ ರಕ್ತ ನೋಡಿದಳು.

ಹೇಳಬೇಕು ಅಂತ ಆ ದಿನವೇ ಅಂದುಕೊಂಡಳು. ಸಂಜೆ ನಿಶಾಂತನ ಮುಂದೆ ಕಾಫಿ ಇಟ್ಟು ನಿಂತಳು. ಅವನು ಅವಳ ಮುಖ ನೋಡದೆ, "ಹೊನ್ನತ್ತೆ ಒಳ್ಳೇವ್ರೇ, ಆದ್ರೆ ಸ್ವಲ್ಪನಾದ್ರೂ ಬುದ್ಧಿ ಬೇಡ್ವಾ?" ಅಂದ. ಬುದ್ಧಿ ಇಲ್ಲದವಳು ಯಾರು ಅನ್ನುವುದು ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ಅಂಟಿಕೊಂಡಿತು. ಹೇಳಿದರೆ ಅಡುಗೆಮನೆ ಕೈತಪ್ಪುತ್ತದೆ. ಆ ಮನೆಯಲ್ಲಿ ಅವಳು ಯಾರೋ ಒಬ್ಬಳು ಅನ್ನಿಸಿಕೊಂಡಿದ್ದು ಅದೊಂದೇ ಜಾಗದಲ್ಲಿ. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆಗೆ ಐದು ವಾರ ತುಂಬಿತು. ನಡುನಡುವೆ ಭಾನುವಾರಗಳು ಬಂದವು. ಪ್ರತಿ ಭಾನುವಾರ ಹತ್ತು ಗಂಟೆಗೆ ಪುಟ್ಟಯ್ಯ ಗೇಟಿನ ಕಡೆ ನೋಡಿ, "ಹೊನ್ನಿ ಬಂದಿಲ್ವಾ?" ಅನ್ನುತ್ತಿದ್ದರು. ವಸಂತಮ್ಮ ಟಿವಿ ಸದ್ದು ಏರಿಸುತ್ತಿದ್ದರು.

*

ಆಲೂಗಡ್ಡೆ ತಾನಾಗಿ ಕಾವಲಿ ಬಿಟ್ಟಿತು. ಗೌರಿ ಮಾವನಿಗೆ ತಟ್ಟೆಗೆ ಹಾಕಿ ಕೊಟ್ಟಳು. ಉಳಿದ ಬಿಲ್ಲೆಗಳನ್ನು, ಅತ್ತೆ ಸ್ನಾನಕ್ಕೆ ಹೋದದ್ದು ನೋಡಿಕೊಂಡು, ಹೊನ್ನಮ್ಮನ ಡಬ್ಬಿಗೆ ತುಂಬಿದಳು.

ಸಿಟಿ ಬಸ್ಸಿನಲ್ಲಿ ಸ್ಟ್ಯಾಂಡಿಗೆ, ಅಲ್ಲಿಂದ ಸರ್ಕಾರಿ ಬಸ್ಸಿನಲ್ಲಿ ಭದ್ರಾವತಿಗೆ. ಆಧಾರ್ ಕಾರ್ಡ್ ತೋರಿಸಿ ಕಿಟಕಿ ಪಕ್ಕ ಕೂತಳು. ಡಬ್ಬಿ ತೊಡೆಯ ಮೇಲೆ ಬೆಚ್ಚಗಿತ್ತು. ಪಕ್ಕದ ಹೆಂಗಸು ಮೂಗು ಅರಳಿಸಿ, "ಏನಮ್ಮಾ ವಾಸನೆ, ಆಲೂಗಡ್ಡೆ ಫ್ರೈಯಾ? ತವರಿಗೆ ಹೊರಟ್ಯಾ?" ಎಂದಳು. ಗೌರಿ ತಲೆ ಆಡಿಸಿದಳು. ಹೌದೋ ಅಲ್ಲವೋ ಅವಳಿಗೇ ಗೊತ್ತಾಗದ ಹಾಗೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ಚಿಕ್ಕಮ್ಮ, ತಪ್ಪು ನಿಮ್ಮದಲ್ಲ. ಚಿಕ್ಕಮ್ಮ, ತಪ್ಪು ನಂದು. ಎರಡನೆಯದು ಮೊದಲು ಹೇಳಬೇಕು. ಸೇತುವೆ ದಾಟಿ ಓಲ್ಡ್ ಟೌನಿನಲ್ಲಿ ಇಳಿಯುವ ಹೊತ್ತಿಗೆ ಎಷ್ಟು ಸಲ ಹೇಳಿಕೊಂಡಿದ್ದಳೋ ಲೆಕ್ಕವಿಲ್ಲ.

ಹೊನ್ನಮ್ಮ ಒಂದು ಕೋಣೆಯ ಮನೆಯ ಬಾಗಿಲಲ್ಲೇ ಮಿಷನ್ ಹಾಕಿಕೊಂಡು ಸೀರೆಗೆ ಫಾಲ್ ಹೊಲಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಅದೇ ಅವಳ ಜೀವನ. ಗೌರಿಯನ್ನು ಕಂಡವಳೇ ಸೂಜಿ ಹಾಗೇ ಬಿಟ್ಟು ಎದ್ದಳು.

"ಅಯ್ಯೋ ಗೌರಿ! ಅಣ್ಣ ಹೇಗಿದಾನೆ? ಮೊದಲು ಅದು ಹೇಳು, ಆಮೇಲೆ ಕೂತ್ಕೊ."

"ಚೆನ್ನಾಗಿದಾರೆ ಚಿಕ್ಕಮ್ಮ."

"ಕಾಲು?"

"ನಡೀತಾರೆ. ಗೇಟಿನ ತನಕ."

"ಉಸ್ಸಪ್ಪಾ," ಎಂದು ಹೊನ್ನಮ್ಮ ಮಂಚದ ಅಂಚಿಗೆ ಕೂತಳು. ಐದು ವಾರದಲ್ಲಿ ಅವಳ ಕುತ್ತಿಗೆ ಸಣ್ಣಗಾಗಿತ್ತು. ಕಣ್ಣು ಡಬ್ಬಿಯ ಮೇಲೆ ಬಿತ್ತು. ಅದನ್ನು ತೆಗೆದುಕೊಳ್ಳುವಾಗ ಅವಳ ಕೈ ಮೊದಲು ತೂಗಿ ನೋಡಿತು. ಗೌರಿ ಅದನ್ನು ಗಮನಿಸಿದಳು. ಭಾರ ಇತ್ತು. ಹೊನ್ನಮ್ಮನ ಮುಖ ದೀಪ ಹಚ್ಚಿದ ಹಾಗಾಯಿತು.

"ಅತ್ತಿಗೆ ತುಂಬಿ ಕಳಿಸಿದ್ರಾ?"

ಇಲ್ಲ ಅನ್ನಬೇಕಿತ್ತು. ಗೌರಿ ಸುಮ್ಮನಿದ್ದಳು. ಹೌದು ಅನ್ನುವುದಕ್ಕೆ ಅವಳ ಮೌನ ಸಾಕಾಯಿತು.

"ನಂಗೆ ಗೊತ್ತಿತ್ತು! ಅತ್ತಿಗೆ ಬಾಯಿ ಖಾರ, ಹೊಟ್ಟೆ ಬೆಲ್ಲ. ಹಾಗಾದ್ರೆ ನಾಳೆ ಬರಬಹುದಾ? ಪಂಚಮಿ ಅಲ್ವಾ, ಅಣ್ಣನ ಬೆನ್ನಿಗೆ ಹಾಲು-ತುಪ್ಪ ಹಚ್ಚಬೇಕು. ಮದುವೆಯಾಗಿ ಮೂವತ್ತೈದು ವರ್ಷ, ಒಂದು ಪಂಚಮಿನೂ ತಪ್ಪಿಸಿಲ್ಲ. ಬೆಳಿಗ್ಗೆ ಏಳೂವರೆ ಬಸ್ಸಿಗೇ ಬರ್ತೀನಿ."

"ಬೇಡ ಚಿಕ್ಕಮ್ಮ," ಎಂದಳು ಗೌರಿ. ತನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. "ಅತ್ತೆ... ಇನ್ನೂ ಸಿಟ್ಟಲ್ಲಿದಾರೆ. ಇದು ನಾನೇ ಹಾಕ್ಕೊಂಡು ಬಂದಿದ್ದು."

ದೀಪ ಆರಿತು. ಹೊನ್ನಮ್ಮ ಡಬ್ಬಿಯ ಮುಚ್ಚಳವನ್ನು ಒಮ್ಮೆ ಮುಚ್ಚಿ, ಮತ್ತೆ ತೆಗೆದು, ಸ್ವಲ್ಪ ಹೊತ್ತು ಒಳಗೆ ನೋಡಿದಳು.

"ಹೋಗ್ಲಿ ಬಿಡು. ಅವರದ್ದೇನು ತಪ್ಪು. ಕೈಯಾರೆ ಕೊಟ್ಟವಳು ನಾನು. 'ಒಂದೇ ಒಂದು ಹೊನ್ನಿ, ಬಾಳೆಹಣ್ಣಿನ ರುಚಿನೇ ಮರೆತು ಹೋಗಿದೆ' ಅಂದ. ನನ್ನ ದಡ್ಡ ಮನಸ್ಸು ಎರಡು ಕೊಡ್ತು. ಈಗ ಬಾಳೆಹಣ್ಣಿನ ಗಾಡಿ ಕಂಡ್ರೆ ರಸ್ತೆಯ ಆ ಕಡೆಗೆ ಹೋಗ್ತೀನಿ. ದೇವರಿಗೂ ಇಡಲ್ಲ."

"ಚಿಕ್ಕಮ್ಮ, ನಾನು..."

"ನೀನು ಯಾಕೆ ಅಳ್ತೀಯೇ ಹುಚ್ಚಿ! ನೀನಿಲ್ದಿದ್ರೆ ಅಣ್ಣ ಯಾವತ್ತೋ ಹೋಗ್ತಿದ್ದ. ನೀನು ನೋಡ್ಕೊಳ್ಳೋ ಹಾಗೆ ಹೆತ್ತ ಮಗಳೂ ನೋಡ್ಕೊಳ್ಳಲ್ಲ." ಹೊನ್ನಮ್ಮ ಒಂದು ಬಿಲ್ಲೆ ತೆಗೆದು, ಗೌರಿಯ ಗದ್ದ ಹಿಡಿದು, ಬಾಯಿಗೆ ಇಟ್ಟಳು. "ಮೊದಲು ತಿನ್ನು. ಮುಖ ನೋಡಿದ್ರೆ ಬೆಳಿಗ್ಗೆಯಿಂದ ಏನೂ ತಿಂದ ಹಾಗಿಲ್ಲ."

ಗೌರಿ ಅಗಿದಳು. ದಾರಿಯಲ್ಲಿ ಮೆತ್ತಗಾಗಿದ್ದ ಬಿಲ್ಲೆ ಬಾಯೊಳಗೆ ಉಂಡೆಯಾಯಿತು; ನುಂಗಲು ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ಹೊನ್ನಮ್ಮ ಡಬ್ಬಿ ತೊಳೆದು ಒರೆಸಿ, ಅದರೊಳಗೆ ಪಂಚಮಿಯ ಅರಳು ತುಂಬಿ, ಮಧ್ಯದಲ್ಲಿ ತುಪ್ಪದ ಸಣ್ಣ ಬಾಟಲಿ ನಿಲ್ಲಿಸಿ ತಂದಿದ್ದಳು.

"ನಿಶಾಂತನ ಕೈಲಾದ್ರೂ ಹಚ್ಚಿಸು. ಬೆನ್ನಿಗೊಂದು, ಹೊಕ್ಕುಳಿಗೊಂದು. ನಾನು ಇಲ್ಲೇ ಆ ಕಡೆಗೆ ಮುಖ ಮಾಡಿ ಕೈ ಮುಗೀತೀನಿ."

"ಡಬ್ಬಿ ಇಲ್ಲೇ ಬಿಟ್ಟು ಬಾ ಅಂದಿದ್ರು," ಎಂದು ಗೌರಿ ತೊದಲಿದಳು.

"ಖಾಲಿ ಕೈಯಲ್ಲಿ ಕಳಿಸಕ್ಕೆ ಆಗುತ್ತಾ ಮಾರಾಯ್ತಿ?" ಎಂದಳು ಹೊನ್ನಮ್ಮ.

ಸಂಜೆ ಗೌರಿ ಮನೆಗೆ ಬಂದಾಗ ವಸಂತಮ್ಮ ಡಬ್ಬಿ ನೋಡಿ ಹಣೆ ಚಚ್ಚಿಕೊಂಡರು. "ಮತ್ತೆ ಬಂತಾ ಇದು! ನಿನ್ನ ಕೈಲಿ ಒಂದು ಡಬ್ಬಿ ಬಿಟ್ಟು ಬರಕ್ಕೂ ಆಗಲ್ವೇನೇ?" ಆದರೆ ಅರಳು ಕಂಡ ಮೇಲೆ ಮುಂದೆ ಬೈಯಲಿಲ್ಲ. ಹಬ್ಬದ ಪದಾರ್ಥ. ಮೇಲಿನ ಶೆಲ್ಫಿಗೆ ಎತ್ತಿಟ್ಟು, ಸೆರಗಲ್ಲಿ ಕೈ ಒರೆಸಿಕೊಂಡು ಹೋದರು.

*

ಪಂಚಮಿಯ ದಿನ ಮನೆ ಬಹಳ ನಿಶ್ಶಬ್ದವಾಗಿತ್ತು. ಕಾವಲಿಯನ್ನು ತೊಳೆದು ಗೋಡೆಗೆ ಒರಗಿಸಿಟ್ಟಿದ್ದರು. ಚಾಕು, ಈಳಿಗೆಮಣೆ ಎರಡೂ ಬಟ್ಟೆಯಡಿ. ಹಬೆಯಲ್ಲಿ ಕಡುಬು ಬೇಯುತ್ತಿತ್ತು, ಅದಕ್ಕೆ ಸದ್ದಿಲ್ಲ. ದಿನಾ ಎಣ್ಣೆಯ ಚಟಪಟದ ಹಿಂದೆ ನಿಂತು ಅಭ್ಯಾಸವಾಗಿದ್ದ ಗೌರಿಗೆ ಅಂದು ತನ್ನ ಉಸಿರು ಕೂಡ ಹಾಲ್‌ಗೆ ಕೇಳಿಸುತ್ತಿದೆ ಅನ್ನಿಸಿತು.

ನಾಗರಕಲ್ಲಿಗೆ ಹಾಲೆರೆದು ಬಂದ ಮೇಲೆ ಗೌರಿ ತುಪ್ಪದ ಬಾಟಲಿಯನ್ನು ನಿಶಾಂತನ ಕೈಗೆ ಕೊಟ್ಟು ವಿಷಯ ಹೇಳಿದಳು. ಅವನು ತಂದೆಯ ಹಿಂದೆ ನಿಂತು ಅಂಗಿ ಎತ್ತಲು ಹೋದ.

"ಏಯ್, ಏನೋ ಅದು?"

"ಹೊನ್ನತ್ತೆ ತುಪ್ಪ ಕಳಿಸಿದಾರಪ್ಪ. ಹಚ್ಚಕ್ಕೆ."

ಪುಟ್ಟಯ್ಯ ಅಂಗಿ ಕೆಳಗೆಳೆದುಕೊಂಡರು. "ಬಿಡೋ. ನೀನು ಹಚ್ಚಿದ್ರೆ ಅದು ಮಾಲೀಶ್ ಆಗುತ್ತೆ, ಪಂಚಮಿ ಆಗಲ್ಲ." ನಕ್ಕರು. ನಗು ಅರ್ಧಕ್ಕೆ ನಿಂತಿತು. ಬಾಟಲಿಯನ್ನು ಮಗನ ಕೈಯಿಂದ ತೆಗೆದುಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಊಟಕ್ಕೆ ಕೂತಾಗಲೂ ಅದು ಅವರ ತಟ್ಟೆಯ ಪಕ್ಕದಲ್ಲೇ ಇತ್ತು.

ವಸಂತಮ್ಮ ಬಡಿಸಿದರು. ಕಡುಬು, ಅನ್ನ, ಮೆಣಸಿನ ಸಾರು. ಪುಟ್ಟಯ್ಯ ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ನುಂಗಿದರು.

"ಮತ್ತೆ ಆಸ್ಪತ್ರೆ ತೀರ್ಥ ಶುರುವಾಯ್ತಲ್ಲ. ಗೌರಿ, ಆವಾಗ ಒಂದು ಸಾರು ಮಾಡ್ತಿದ್ಯಲ್ಲ, ಗಟ್ಟಿಯಾಗಿ. ಅದನ್ನ ಯಾಕೆ ಬಿಟ್ಟುಬಿಟ್ಟೆ? ಹಬ್ಬದ ದಿನನಾದ್ರೂ ಮಾಡಬಾರದಿತ್ತಾ?"

ಗೌರಿ ಕಡುಬಿನ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯನ್ನು ಕೆಳಗಿಟ್ಟಳು.

"ಮಾವ, ಅದು ಆಲೂಗಡ್ಡೆ ಬೇಯಿಸಿದ ನೀರು."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ಅವಳು ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಮತ್ತೆ ಬರುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು.

"ಚೆಲ್ಲಬೇಕು ಅಂತ ಕಾಗದದಲ್ಲಿ ಬರೆದಿತ್ತು. ನಾನು ಓದಿದ್ದೆ. ಆದರೂ ಚೆಲ್ಲಲಿಲ್ಲ. ಆ ನೀರಲ್ಲೇ ಸಾರು ಮಾಡ್ದೆ. ನೀವು ಚೆನ್ನಾಗಿದೆ ಅಂದ್ರಿ. ಅದಕ್ಕೆ ಮತ್ತೆ ಮತ್ತೆ ಮಾಡ್ದೆ. ಎರಡು ಬಾಳೆಹಣ್ಣಿಗೆ ಅಷ್ಟು ಏರಲ್ಲ ಅಂತ ವಾಣಿ ಸಿಸ್ಟರ್ ಹೇಳಿದ್ರು. ನೀರು ಚೆಲ್ತೀರಾ ಅಂತ ಕೇಳಿದ್ರು. ಹೂಂ ಅಂತ ಸುಳ್ಳು ಹೇಳ್ದೆ."

"ಎಷ್ಟು ದಿನ?" ಎಂದರು ವಸಂತಮ್ಮ. ಸೌಟು ಅವರ ಕೈಯಲ್ಲಿ ಓರೆಯಾಗಿ, ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಮೂರು ವಾರ."

"ನಾನು ಕೇಳಿದ್ದೆ ನಿನ್ನ. ಏನು ಹಾಕ್ದೆ ಅಂತ ಕೇಳಿದ್ದೆ."

"ಹೂಂ ಅತ್ತೆ. ಕೇಳಿದ್ರಿ."

ವಸಂತಮ್ಮ ಸೌಟನ್ನು ಪಾತ್ರೆಗೆ ಬಿಟ್ಟು ನೆಲಕ್ಕೆ ಕೂತುಬಿಟ್ಟರು. ಅವರ ಕಣ್ಣು ಗೌರಿಯ ಮೇಲಿರಲಿಲ್ಲ. ಶೆಲ್ಫಿನ ಮೇಲಿನ ಡಬ್ಬಿಯ ಮೇಲಿತ್ತು. ನಿಶಾಂತ ಎದ್ದು ಕೈ ತೊಳೆಯಲು ಹೊರಟವನು ಅರ್ಧ ದಾರಿಯಲ್ಲಿ ನಿಂತ. ಪುಟ್ಟಯ್ಯ ಸೊಸೆಯ ಮುಖ ನೋಡಲಿಲ್ಲ. ಸಾರಿನ ಬಟ್ಟಲನ್ನು ಒಂದು ಬೆರಳಲ್ಲಿ ಮೆಲ್ಲಗೆ ದೂರ ಸರಿಸಿದರು. ತುಪ್ಪದ ಬಾಟಲಿಯನ್ನು ಹತ್ತಿರ ಎಳೆದುಕೊಂಡರು.

ಆ ಬಟ್ಟಲು ಸರಿದ ಸದ್ದು ಏಟಿಗಿಂತ ಜೋರಾಗಿ ಬಿತ್ತು ಗೌರಿಗೆ. ಇಷ್ಟು ದಿನ ಹೇಳಿದರೆ ಏನಾಗುತ್ತದೆ ಅಂತ ಹೆದರಿದ್ದಳೋ ಅದು ಆಗುತ್ತಿತ್ತು. ಇನ್ನು ಈ ಮನೆಯಲ್ಲಿ ಅವಳು ಇಟ್ಟದ್ದನ್ನು ಯಾರಾದರೂ ನಿಶ್ಚಿಂತೆಯಿಂದ ಉಣ್ಣುತ್ತಾರೋ ಇಲ್ಲವೋ. ಅದನ್ನು ಕೇಳುವ ಹಕ್ಕು ಈಗ ಅವಳಿಗಿರಲಿಲ್ಲ. ಗಡಿಯಾರ ನೋಡಿದಳು. ಒಂದೂವರೆ. ಭದ್ರಾವತಿಯಿಂದ ಬಸ್ಸು ಮುಕ್ಕಾಲು ಗಂಟೆ. ಹೊತ್ತು ಮುಳುಗುವುದಕ್ಕೆ ಇನ್ನೂ ಬೇಕಾದಷ್ಟು ಸಮಯವಿತ್ತು.

ಟಿವಿ ಪಕ್ಕದಲ್ಲಿದ್ದ ಅತ್ತೆಯ ಫೋನನ್ನು ತಂದು ಅವರ ಮುಂದೆ ನೆಲದ ಮೇಲಿಟ್ಟಳು.

"ಅತ್ತೆ, ಚಿಕ್ಕಮ್ಮನಿಗೆ ಒಂದು ಫೋನ್ ಮಾಡಿ."

ಫೋನು ನೆಲದ ಮೇಲೇ ಇತ್ತು.

"ಬರಕ್ಕೆ ಹೇಳಿ ಅತ್ತೆ," ಎಂದಳು ಗೌರಿ.